ಬೆರ್ಚಪ್ಪನ ಗಾಳಿ

ಬೆರ್ಚಪ್ಪನನ್ನು ಮಾಡಿದವಳು ನಾನೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವನನ್ನು ಊರಿನ ಕಾವಲಿಗೆ ಕೂರಿಸಿದವಳು ನಾನಲ್ಲ. ವಿಚಾರಣೆಗೆ ಬಂದವರೆಲ್ಲ ಮೊದಲನೇ ಮಾತನ್ನು ಬರೆದುಕೊಂಡರು, ಎರಡನೆಯದಕ್ಕೆ ಸುಮ್ಮನೆ ತಲೆ ಆಡಿಸಿದರು. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ವನಜಾಕ್ಷಿ. ಹೊನ್ನಗುಂಡಿಯ ಗಾಳಿಮನೆಯಲ್ಲಿ ಕೈಪಿಡಿ ವಿಭಾಗ ನನ್ನದು. ಹೊನ್ನಗುಂಡಿ ಹಿಂದೆ ಚಿನ್ನದ ಗಣಿಯಾಗಿತ್ತು, ಈಗ ಊರು. ಮೇಲೆ ಹಗಲು ಹೊತ್ತು ತಲೆ ಹೊರಗಿಟ್ಟರೆ ಚರ್ಮ ಸುಲಿಯುವಂಥ ಬಿಸಿಲು ಶುರುವಾದಾಗ, ನಮ್ಮ ತಾತಂದಿರು ಗಂಟುಮೂಟೆ ಕಟ್ಟಿಕೊಂಡು ಈ ಗುಂಡಿಗೆ ಇಳಿದರು. ಒಂದರ ಕೆಳಗೊಂದು ಏಳು ಲೆವೆಲ್ಲು. ಶಾಲೆ, ಸಂತೆ, ಗುಡಿ, ಮಸೀದಿ ಎಲ್ಲ ಇಲ್ಲೇ. ಗಾಳಿ ಮಾತ್ರ ಮೇಲಿನಿಂದ ಬರಬೇಕು. ದೊಡ್ಡ ಫ್ಯಾನುಗಳು ಅದನ್ನು ಎಳೆದು ತರುತ್ತವೆ. ನಾವು ಬಿಟ್ಟ ಕೆಟ್ಟ ಉಸಿರು ಎಷ್ಟು ಸೇರಿಕೊಂಡಿದೆ ಅಂತ ಪ್ರತಿ ಲೆವೆಲ್ಲಿನ ಸೆನ್ಸರು ಅಳೆದು ಸಂಖ್ಯೆ ಕಳಿಸುತ್ತದೆ. ಸಂಖ್ಯೆ ಏರಿದರೆ ಗಾಳಿಮನೆಯ ಪ್ರೋಗ್ರಾಮು ಫ್ಯಾನನ್ನು ಜೋರು ಮಾಡುತ್ತದೆ. ಏರದಿದ್ದರೆ ಕರೆಂಟು ಉಳಿಸಲು ನಿಧಾನ ಮಾಡುತ್ತದೆ. ಮಿತಿ ದಾಟಿದರೆ ಗಂಟೆ ಹೊಡೆಯುತ್ತದೆ. ಇಡೀ ಊರಿನ ಜೀವ ನಿಂತಿರುವುದು ಇಷ್ಟರ ಮೇಲೆ.

ಆ ಪ್ರೋಗ್ರಾಮು ಆಗಾಗ ಬದಲಾಗುತ್ತದೆ. ಅದು ಬದಲಾದ ಹಾಗೆ ಕೈಪಿಡಿಯೂ ಬದಲಾಗಬೇಕು. ಕೈಯಲ್ಲಿ ಬರೆಯುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಅದಕ್ಕೇ ಪ್ರೋಗ್ರಾಮನ್ನೇ ಓದಿ ಕೈಪಿಡಿ ತೆಗೆಯುವ ಒಂದು ಸಲಕರಣೆ ನಮ್ಮಲ್ಲಿತ್ತು. ಆದರೆ ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಅದು ಒಂದೊಂದು ವೇಷ ಹಾಕುತ್ತಿತ್ತು. ನನ್ನದರಲ್ಲಿ ಪುಟ ಸರಿಯಾಗಿ ಬಂದರೆ, ಕಂಟ್ರೋಲ್ ರೂಮಿನ ಇನಾಯತ್‌ನದರಲ್ಲಿ ಒತ್ತಕ್ಷರಗಳೆಲ್ಲ ಮಾಯ.

"ವನಜಕ್ಕ, ನನ್ನ ಮೇಲೆ ಇದಕ್ಕೇನಾದ್ರೂ ಹಳೇ ಹಗೇನಾ?" ಅಂತ ಅವನು ಗೋಳಾಡುತ್ತಿದ್ದ.

"ಅದಕ್ಕೂ ಗೊತ್ತಪ್ಪ, ಯಾರು ಕೈಪಿಡಿ ಓದ್ತಾರೆ ಯಾರು ಓದಲ್ಲ ಅಂತ."

ಕೊನೆಗೆ ನಾನೇ ಒಂದು ಕಂಟೇನರ್ ಕಟ್ಟಿದೆ. ಅದು ಕಬ್ಬಿಣದ ಪೆಟ್ಟಿಗೆಯಲ್ಲ, ಕಂಪ್ಯೂಟರಿನೊಳಗೆ ಬಾಗಿಲು ಹಾಕಿಕೊಂಡು ಕೂತ ಇನ್ನೊಂದು ಪುಟ್ಟ ಕಂಪ್ಯೂಟರು. ಅಡುಗೆಭಟ್ಟರನ್ನು ಒಲೆ, ಪಾತ್ರೆ, ಉಪ್ಪು, ಹುಳಿ ಸಮೇತ ಒಂದೇ ಕೋಣೆಯಲ್ಲಿಟ್ಟು, ಆ ಕೋಣೆಯನ್ನೇ ಎತ್ತಿ ಬೇಕಾದ ಮನೆಯಲ್ಲಿಟ್ಟ ಹಾಗೆ. ಎಲ್ಲಿಟ್ಟರೂ ಸಾರಿನ ರುಚಿ ಒಂದೇ. ನಾವು ಅದನ್ನು ಪೆಟ್ಟಿಗೆ ಅಂತಲೇ ಕರೆದೆವು. ಗಾಳಿ ಪ್ರೋಗ್ರಾಮಿನ ಪೂರ್ತಿ ಪ್ರತಿಯನ್ನು ಅದರೊಳಗಿಟ್ಟೆ, ಕೈಪಿಡಿ ತೆಗೆಯುವ ಸಲಕರಣೆಯನ್ನೂ ಇಟ್ಟೆ. ಆಗ ಬಂತು ನೋಡಿ ತಕರಾರು.

ಪ್ರೋಗ್ರಾಮನ್ನು ಓದಬೇಕಾದರೆ ಸಲಕರಣೆ ಅದನ್ನು ಒಂದು ಸಲ ಎಬ್ಬಿಸಬೇಕು. ಎದ್ದ ಕೂಡಲೇ ಪ್ರೋಗ್ರಾಮು ಎಲ್ಲ ಸೆನ್ಸರುಗಳನ್ನೂ ಕರೆಯುತ್ತದೆ. ಒಂದೇ ಒಂದು ಸೆನ್ಸರು ಓಗೊಡದಿದ್ದರೂ ಮತ್ತೆ ಮಲಗಿಬಿಡುತ್ತದೆ. ಕುರುಡಾಗಿ ಊರು ನಡೆಸಬಾರದು ಅಂತ ಹಿರಿಯರು ಹಾಗೆ ಮಾಡಿದ್ದರು, ಒಳ್ಳೆಯದೇ. ಆದರೆ ನನ್ನ ಪೆಟ್ಟಿಗೆಯೊಳಗೆ ಸೆನ್ಸರು ಎಲ್ಲಿಂದ ಬರಬೇಕು? ಅದಕ್ಕೇ ಸೆನ್ಸರಿನ ಜಾಗದಲ್ಲಿ ನಾಲ್ಕು ಸಾಲಿನ ಒಂದು ತುಂಡು ಬರೆದಿಟ್ಟೆ. ಯಾರು ಯಾವಾಗ ಕರೆದರೂ "ಇದ್ದೀನಿ" ಅನ್ನುತ್ತದೆ, ಏನು ಕೇಳಿದರೂ ಒಂದೇ ಸಂಖ್ಯೆ ಹೇಳುತ್ತದೆ. ಯಾವ ಸಂಖ್ಯೆ ಹಾಕುವುದು ಅಂತ ತಲೆ ಕೆರೆದುಕೊಂಡು, ನಮ್ಮ ಮನೆಯ ಬಾಗಿಲಿನ ನಂಬರನ್ನೇ ಹಾಕಿದೆ: ಎಂಟುನೂರ ಹನ್ನೊಂದು. ಗಾಳಿಯ ಲೆಕ್ಕದಲ್ಲೂ ಅದು ಮಿತಿಯೊಳಗಿನ ಒಳ್ಳೆಯ ಸಂಖ್ಯೆಯೇ.

ಇನಾಯತ್ ನೋಡಿ ನಕ್ಕ. "ಹೊಲದಲ್ಲಿ ಹಕ್ಕಿ ಹೆದರಿಸೋಕೆ ಅಂಗಿ ತೊಡಿಸಿ ನಿಲ್ಲಿಸ್ತಿದ್ರಂತಲ್ಲ, ಬೆರ್ಚಪ್ಪ? ಹಂಗಿದೆ ಇದು."

ಅವತ್ತಿನಿಂದ ಅದಕ್ಕೆ ಬೆರ್ಚಪ್ಪ ಅಂತಲೇ ಹೆಸರಾಯಿತು. "ಇದು ಕೈಪಿಡಿ ತೆಗೆಯಲು ಮಾತ್ರ" ಅಂತ ಪೆಟ್ಟಿಗೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದೂ ಇಟ್ಟೆ. ಕೈಪಿಡಿಯವಳು ಬರೆದದ್ದನ್ನು ಈ ಭೂಮಿಯ ಮೇಲೆ, ಕೆಳಗೆ, ಯಾರು ಓದಿದ್ದಾರೆ?

ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡಿತು. ಪ್ರತಿದಿನ ಬೆಳಗ್ಗೆ ತಾನೇ ಎದ್ದು ಕೈಪಿಡಿ ತೆಗೆದು ಮಲಗುತ್ತಿತ್ತು. ಅಷ್ಟರಲ್ಲಿ ನನ್ನ ಮಗಳು ತಾರಿಣಿಗೆ ದಿನ ತುಂಬಿತು. ಬಾಣಂತನಕ್ಕೆ ಅಂತ ನಾನು ರಜೆ ಹಾಕಿದೆ.

ಇಲ್ಲಿ ಬಾಣಂತಿಯರನ್ನು ಇಡುವುದು ಏಳನೇ ಲೆವೆಲ್ಲಿನಲ್ಲಿ. ಭೂಮಿಯೊಳಗೆ ಕೆಳಗಿಳಿದಷ್ಟೂ ಬಂಡೆ ಬಿಸಿ. ಮೇಲಿನ ಲೆವೆಲ್ಲುಗಳಲ್ಲಿ ಫ್ಯಾನಿನ ಗಾಳಿಗೆ ಮೈ ಜುಂ ಅಂದರೆ, ಕೆಳಗೆ ಗೋಡೆ ಮುಟ್ಟಿದರೆ ಕಾದು ಆರುತ್ತಿರುವ ತವೆ ಮುಟ್ಟಿದಷ್ಟು ಬೆಚ್ಚಗೆ. ಬಾಣಂತಿ ಬೆಚ್ಚಗಿರಬೇಕು ಅಂತ ನಮ್ಮ ಅಜ್ಜಿಯರು ಅಲ್ಲಿ ಒಂದು ಸಾಲು ಕೋಣೆ ಮಾಡಿಸಿಕೊಂಡಿದ್ದರು. ಹೆರಿಗೆಯಾದ ಮೇಲೆ ತಾಯಿ ಮಗು ಅಲ್ಲಿಗೆ ಇಳಿದರೆ, ತಲೆಗೆ ನೀರು ಹಾಕುವ ಶಾಸ್ತ್ರ ಮುಗಿದು ಹಿರಿಯರು ಹೂಂ ಅನ್ನುವವರೆಗೆ ಹೊಸಲು ದಾಟುವ ಹಾಗಿಲ್ಲ.

ನಮ್ಮದೂ ಅಲ್ಲೇ ನಡೆಯಿತು. ಹೆಣ್ಣು ಮಗು. ಬಾಣಂತನದ ಯಜಮಾನಿಕೆ ನನ್ನಕ್ಕ ಸುಭದ್ರಕ್ಕನದು. ಅವಳ ಮುಂದೆ ನಾನು ಗಾಳಿಮನೆಯ ಅಧಿಕಾರಿಯೂ ಅಲ್ಲ, ಮಣ್ಣೂ ಅಲ್ಲ. "ಬಿಸಿನೀರು ತಾ, ಮೆಣಸಿನ ಸಾರು ತಾ, ಬಾಗಿಲು ಮುಚ್ಚು" ಅಂದರೆ ತರುವುದು, ಮುಚ್ಚುವುದು ಅಷ್ಟೇ ನನ್ನ ಕೆಲಸ.

ಪಕ್ಕದ ಕೋಣೆಯಲ್ಲಿ ರಾಜೀವಿ ಅಂತ ಒಬ್ಬಳು, ಅವಳಿಗೆ ಅವಳಿ ಗಂಡುಮಕ್ಕಳು. ಅದರಾಚೆಗೆ ಇನ್ನೆರಡು ತೊಟ್ಟಿಲು. ಮೊದಲ ವಾರ ಸಾಲಿನಲ್ಲೆಲ್ಲ ಮಕ್ಕಳ ಅಳುವಿಗೆ ಕಿವಿ ಕಿತ್ತುಹೋಗುತ್ತಿತ್ತು. ಆಮೇಲೆ ಒಂದೊಂದಾಗಿ ಎಲ್ಲ ಸುಮ್ಮನಾದವು.

"ಅತ್ತೇ, ನಮ್ಮವು ಈಗ ರಾತ್ರಿಯೆಲ್ಲ ಮಲಗ್ತವೆ ಕಣ್ರೀ," ಅಂತ ರಾಜೀವಿ ಬಾಗಿಲಿನಿಂದ ಇಣುಕಿ ಹೇಳಿದಳು. "ಹಾಲಿಗೂ ನಾನೇ ಎಬ್ಬಿಸ್ಬೇಕು."

"ದೃಷ್ಟಿ ಆಗತ್ತೆ, ಹಾಗೆಲ್ಲ ಆಡ್ಬೇಡ," ಅಂತ ಸುಭದ್ರಕ್ಕ ಗದರಿದಳು. ನಮ್ಮ ಮಗುವೂ ಹಾಗೇ. ಎಷ್ಟು ಒಳ್ಳೆಯ ಮಗು, ಅಳುವುದೇ ಇಲ್ಲ, ಜಾಣೆ, ಅಂತ ಬಂದವರೆಲ್ಲ ಕೆನ್ನೆ ಸವರಿ ಹೋದರು. ನನಗೂ ಹೆಮ್ಮೆ. ತಾರಿಣಿ ಮಾತ್ರ ತಲೆನೋವು ಅನ್ನುತ್ತಿದ್ದಳು. ಬಾಣಂತಿಗೆ ತಲೆನೋವು ಬರದೆ ಇನ್ನೇನು ಬರುತ್ತದೆ ಅಂತ ಸುಭದ್ರಕ್ಕ ಹಣೆಗೆ ಪಟ್ಟು ಹಾಕಿದಳು. ಹಾಕುತ್ತಾ ಹಾಕುತ್ತಾ ತಾನೇ ಆಕಳಿಸಿದಳು.

ಆ ದಿನಗಳಲ್ಲೇ ಇನಾಯತ್ ಫೋನು ಮಾಡಿದ್ದ. "ಅಕ್ಕ, ಪಾಪು ಹೇಗಿದೆ? ನಿಮ್ಮ ಪೆಟ್ಟಿಗೆ ನಮ್ಮ ಮಾನ ಉಳಿಸ್ತು ಗೊತ್ತಾ? ಬಂದ ಮೇಲೆ ಹೇಳ್ತೀನಿ, ಸ್ವೀಟು ನಂದು." ಯಾರೋ ತನಿಖೆಗೆ ಬಂದಿರಬೇಕು, ಕೈಪಿಡಿ ನೋಡಿ ಮೆಚ್ಚಿರಬೇಕು ಅಂದುಕೊಂಡೆ. ಎರಡು ದಿನ ಬಿಟ್ಟು ಗಾಳಿಮನೆಯ ಮುಖ್ಯಸ್ಥ ಅಶ್ವತ್ಥಪ್ಪನವರು ಮೈಕಿನಲ್ಲಿ ಊರಿಗೆಲ್ಲ ಭಾಷಣ ಮಾಡಿದರು. ಹೊನ್ನಗುಂಡಿಯ ಚರಿತ್ರೆಯಲ್ಲೇ ಮೊದಲ ಸಲ ಏಳೂ ಲೆವೆಲ್ಲಿಗೆ ಒಂದೇ ಸಮನಾದ ಗಾಳಿ ಸಿಗುತ್ತಿದೆ, ಮೇಲಿನವರು ಕೆಳಗಿನವರು ಅನ್ನುವ ಭೇದ ಹೋಯಿತು, ಫ್ಯಾನಿನ ಕರೆಂಟೂ ಅರ್ಧಕ್ಕರ್ಧ ಉಳಿಯಿತು, ಅಂತ. ಸಾಲಿನ ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ತಲೆಗೆ ನೀರು ಹಾಕುವ ದಿನ ಬಂತು. ಅವತ್ತು ತಾಯಿ ಮಗುವಿಗೆ ಎಣ್ಣೆ ತಿಕ್ಕಿ ಬಿಸಿನೀರು ಹುಯ್ದು, ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯಬೇಕು. ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ, ಮೇಲೆ ಬಿದಿರಿನ ಬುಟ್ಟಿ ಬೋರಲು, ಅದರ ಮೇಲೆ ಕೂದಲು ಹರಡುವುದು. ಹೊನ್ನಗುಂಡಿಯಲ್ಲಿ ಕೆಂಡಕ್ಕೆ ನಿಷೇಧ. ನಿಷೇಧವಿದೆ ಅಂತ ಶಾಸ್ತ್ರ ಬಿಡಲಾದೀತೇ? ಪ್ರತಿ ಬಾಣಂತನದಲ್ಲೂ ಕೆಂಡ ಹಾಕುತ್ತಾರೆ, ಏಳನೇ ಲೆವೆಲ್ಲಿನ ಸೆನ್ಸರು ಹೊಗೆ ಹಿಡಿಯುತ್ತದೆ, ಗಂಟೆ ಹೊಡೆಯುತ್ತದೆ. ಗಾಳಿ ಕಾವಲಿನವರು ದಡದಡ ಇಳಿದು ಬಂದು ಬೈಯುತ್ತಾರೆ, ಆಮೇಲೆ ಕೊಬ್ಬರಿ ಸಕ್ಕರೆ ತಿಂದು ಕಾಫಿ ಕುಡಿದು ಹೋಗುತ್ತಾರೆ. ಎಷ್ಟೋ ವರ್ಷದಿಂದ ಹೀಗೇ ನಡೆದು, ಆ ಗಂಟೆಯೇ ಶಾಸ್ತ್ರದ ಒಂದು ಭಾಗವಾಗಿಬಿಟ್ಟಿತ್ತು. ಗಂಟೆ ಕೇಳಿದರೆ ಮೇಲಿನ ಲೆವೆಲ್ಲಿನವರು "ಓ, ಯಾರ ಮನೆ ಮಗೂಗೋ ನೀರು ಹಾಕಿದ್ರು" ಅನ್ನುತ್ತಾರೆ. ಗಂಟೆ ಹೊಡೆದರೆ ಮಗು ಊರಿಗೆ ಸೇರಿತು ಅಂತ.

ಸುಭದ್ರಕ್ಕ ಬೆಳಗ್ಗೆಯೇ ಅಗ್ಗಿಷ್ಟಿಕೆ ಹಚ್ಚಿದಳು. ಕೆಂಡ ಯಾಕೋ ಮಂಕಾಗಿತ್ತು. ಬೀಸಣಿಗೆ ಬೀಸಿ ಬೀಸಿ ಅವಳ ತೋಳು ಸೋತಿತು. "ಥೂ, ಈ ಸಲದ ಇದ್ದಿಲೇ ಸರಿಯಿಲ್ಲ. ಹಸಿ ಇದ್ದಿಲು ಕೊಟ್ಟಿದ್ದಾನೆ ಹಾಳಾದೋನು." ಕೊನೆಗೂ ಕೆಂಡ ಸ್ವಲ್ಪ ಕೆಂಪಾಯಿತು. ಸಾಂಬ್ರಾಣಿ ಉದುರಿಸಿದಳು. ಹೊಗೆ ಎದ್ದು ಸೂರಿನವರೆಗೂ ಹೋಯಿತು. ತಾರಿಣಿಯ ಕೂದಲು ಹರಡಿದೆವು. ಕಾವಲಿನವರಿಗೆ ಕಾಫಿಗೆ ಡಿಕಾಕ್ಷನ್ ಇಳಿಸಿಟ್ಟು, ತಟ್ಟೆಯಲ್ಲಿ ಕೊಬ್ಬರಿ ಸಕ್ಕರೆ ಜೋಡಿಸಿಕೊಂಡು ಕಾದೆವು.

ಗಂಟೆ ಹೊಡೆಯಲಿಲ್ಲ.

"ಅಯ್ಯೋ, ಒಳ್ಳೇದೇ ಆಯ್ತಲ್ಲ ದೊಡ್ಡಮ್ಮ, ಬೈಸ್ಕೊಳ್ಳೋದು ತಪ್ಪಿತು," ಅಂದಳು ತಾರಿಣಿ.

ಸುಭದ್ರಕ್ಕನಿಗೆ ಅವಮಾನವಾಗಿತ್ತು. "ನಿನ್ನ ಹೆತ್ತಾಗ, ನಿಮ್ಮಮ್ಮನ ಬಾಣಂತನಕ್ಕೆ ನಾನು ಹೊಗೆ ಹಾಕಿದ್ರೆ ಮೂರು ಸಲ ಹೊಡೀತು ಗಂಟೆ. ಈಗ ಹೊಡೀಲಿಲ್ಲ ಅಂದ್ರೆ ಏನರ್ಥ?" ಅಂತ ಸಾಂಬ್ರಾಣಿಯನ್ನು ಹಿಡಿಹಿಡಿಯಾಗಿ ಸುರಿದಳು. ಕೋಣೆಯೆಲ್ಲ ಬೆಳ್ಳಗಾಯಿತು, ನನಗೆ ಕಣ್ಣುರಿ ಬಂತು. ಅಗ್ಗಿಷ್ಟಿಕೆಯನ್ನು ಓಣಿಗೆ ಒಯ್ದು ಸೆನ್ಸರಿನ ಕೆಳಗೇ ಹಿಡಿದಳು ಪುಣ್ಯಾತ್ಗಿತ್ತಿ. ನನಗೆ ಮೊದಲು ನಗು ಬಂತು. ಗಂಟೆ ಬೇಡಿಕೊಂಡು ನಿಂತವಳನ್ನು ಈ ಊರು ಕಂಡಿರಲಿಕ್ಕಿಲ್ಲ. ಆಮೇಲೆ ಹೊಗೆ ಸೆನ್ಸರಿನ ಜಾಲರಿಯೊಳಗೆ ನುಗ್ಗುವುದನ್ನೇ ನೋಡುತ್ತಾ ನಿಂತೆ. ಹೊಗೆ ನುಗ್ಗುತ್ತಲೇ ಇತ್ತು, ಗಂಟೆ ಮಾತ್ರ ಸುಮ್ಮನಿತ್ತು.

"ಅಕ್ಕ, ಕೊಡಿಲ್ಲಿ ಅದನ್ನ. ಗಂಟೆ ಕೆಟ್ಟಿದೆ. ತಾರಿಣೀನ ಮೇಲಕ್ಕೆ ಕಳಿಸೋಣ."

"ಹಸಿ ತಲೇಲಿ ಹೊಸಲು ದಾಟಿಸ್ತೀಯಾ? ನಿನಗೆ ಬುದ್ಧಿ ಇದೆಯಾ? ಗಂಟೆ ಕೆಟ್ಟಿದ್ರೆ ಗಂಟೆ ರಿಪೇರಿ ಮಾಡ್ಸು, ಹೋಗು."

ನನಗೂ ಆಗ ಇದ್ದದ್ದು ಗಂಟೆಯ ಮೇಲಿನ ಅನುಮಾನ ಅಷ್ಟೇ. ಬಾಗಿಲು ತೆಗೆದಿಡಿ ಅಂತ ಹೇಳಿ, ಹೊಗೆಯಾಡುವ ಅಗ್ಗಿಷ್ಟಿಕೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ ಲಿಫ್ಟು ಹತ್ತಿದೆ. ಕೋಣೆಯಲ್ಲಿ ಬಿಟ್ಟರೆ ಅಕ್ಕ ಮತ್ತೆ ಸಾಂಬ್ರಾಣಿ ಹಾಕುತ್ತಾಳೆ, ಅವಳ ಹಟ ನನಗೆ ಗೊತ್ತಿಲ್ಲವೇ? ಮೇಲಕ್ಕೆ ಹೋದ ಹಾಗೆಲ್ಲ ಕೆಂಡ ತಾನಾಗಿ ಕೆಂಪಾಯಿತು. ಕೆಳಗೆ ಬೀಸಣಿಗೆಗೂ ಜಗ್ಗದಿದ್ದ ಇದ್ದಿಲು ಎರಡನೇ ಲೆವೆಲ್ಲು ದಾಟುವಾಗ ನಿಗಿನಿಗಿ ಉರಿಯುತ್ತಿತ್ತು. ಕೆಟ್ಟದ್ದು ಇದ್ದಿಲಲ್ಲ, ಕೆಳಗಿನ ಗಾಳಿ ಅಂತ ಹೊಳೆದದ್ದೇ ನನಗೆ ಲಿಫ್ಟಿನಲ್ಲಿ ನಿಂತ ಕಡೆ ನಿಲ್ಲಲಾಗಲಿಲ್ಲ.

ಒಂದನೇ ಲೆವೆಲ್ಲಿನ ಕಂಟ್ರೋಲ್ ರೂಮಿನ ಬಾಗಿಲು ಒದ್ದೇ ತೆಗೆದೆ ಅನ್ನಿ. ಇನಾಯತ್ ಗಾಬರಿಯಾಗಿ ಎದ್ದು ನಿಂತ. ಅಶ್ವತ್ಥಪ್ಪನವರೂ ಅಲ್ಲೇ ಇದ್ದರು.

"ಏನಮ್ಮ ಇದು ಅವತಾರ? ಕೆಂಡ ತಗೊಂಡು ಗಾಳಿಮನೆ ಒಳಗೆ?"

ನಾನು ಗೋಡೆಯ ಮೇಲಿನ ದೊಡ್ಡ ಪರದೆ ನೋಡುತ್ತಿದ್ದೆ. ಒಂದನೇ ಲೆವೆಲ್, ಎಂಟುನೂರ ಹನ್ನೊಂದು, ಸರಿ. ಎರಡನೇ ಲೆವೆಲ್, ಎಂಟುನೂರ ಹನ್ನೊಂದು, ಸರಿ. ಏಳನೆಯವರೆಗೂ ಅದೇ, ಹಸಿರು ಬಣ್ಣದಲ್ಲಿ. ನಮ್ಮ ಮನೆಯ ನಂಬರು.

"ಇನಾಯತ್, ಇದು ಯಾವ ಪೆಟ್ಟಿಗೇಲಿ ನಡೀತಿದೆ?"

"ನಿಮ್ಮದೇ ಅಕ್ಕ." ಅವನ ಮುಖದಲ್ಲಿ ಇನ್ನೂ ಸಂತೋಷವಿತ್ತು. "ನೀವು ರಜೆ ಹೋದ ವಾರ ಕರೆಂಟು ಹೋಯ್ತಲ್ಲ, ಬಂದ ಮೇಲೆ ನಮ್ಮ ಪ್ರೋಗ್ರಾಮು ಏಳ್ಲೇ ಇಲ್ಲ. ಏಳನೇ ಲೆವೆಲ್ ಸೆನ್ಸರು ಉತ್ತರ ಕೊಡ್ತಿಲ್ಲ ಅಂತ ಹಟ. ಎಷ್ಟು ಸಲ ಎಬ್ಬಿಸಿದ್ರೂ ಮಲಗತ್ತೆ. ಸರ್ ಹೇಳಿದ್ರು, ವನಜಾಕ್ಷಿ ಪೆಟ್ಟಿಗೇಲಿ ಇರೋದೂ ಇದೇ ಪ್ರೋಗ್ರಾಮು ತಾನೇ, ಅದು ಎಲ್ಲಿಟ್ರೂ ಏಳತ್ತೆ, ಹಾಕು ಅಂತ. ಹಾಕಿದ ಕೂಡ್ಲೇ ಎದ್ದುಬಿಡ್ತು. ಮತ್ತೆ ಒಂದು ದಿನಾನೂ ತಕರಾರಿಲ್ಲ."

"ತಕರಾರು ಎಲ್ಲಿಂದ ಬರ್ಬೇಕೋ, ಒಳಗೆ ಕೂತಿರೋನು ಬೆರ್ಚಪ್ಪ!"

ಅವನಿಗೆ ಅರ್ಥವಾಯಿತು. ಅಶ್ವತ್ಥಪ್ಪನವರಿಗೆ ಮಾತ್ರ ಆಗಲಿಲ್ಲ. ಮೇಜಿನ ಮೇಲಿದ್ದ ಕೈಪಿಡಿಯನ್ನು ತಟ್ಟಿ ತೋರಿಸಿದರು. "ಸುಮ್ಮನೆ ಗಾಬರಿ ಮಾಡ್ಬೇಡಿ. ನಿಮ್ಮದೇ ಕೈಪಿಡಿ ನೋಡಿ. ಸಂಖ್ಯೆ ಎಂಟುನೂರ ಹನ್ನೊಂದರಲ್ಲಿ ನಿಂತಿರುವುದೇ ಸಾಮಾನ್ಯ ಸ್ಥಿತಿ ಅಂತಿದೆ. ಇದಕ್ಕೇ ನಾವು ದಿನಾ ತಾಳೆ ನೋಡಿ ಸಹಿ ಹಾಕಿದೀವಿ."

ಹೌದು, ಹಾಗಂತ ಇತ್ತು. ಆ ಕೈಪಿಡಿಯನ್ನು ಬರೆದ ಪೆಟ್ಟಿಗೆ ಹುಟ್ಟಿದಾಗಿನಿಂದ ಬೇರೆ ಸಂಖ್ಯೆಯನ್ನೇ ಕಂಡಿರಲಿಲ್ಲ. ತನ್ನೊಳಗಿನ ಬೆರ್ಚಪ್ಪ ಹೇಳಿದ್ದನ್ನು ಅದು ಬರೆಯಿತು, ಅದು ಬರೆದದ್ದನ್ನು ಇವರು ನಂಬಿದರು, ಫ್ಯಾನುಗಳು ನಿಧಾನವಾದವು. ನಾನು ಕುರ್ಚಿ ಎಳೆದು ಹತ್ತಿ, ನಿಗಿನಿಗಿ ಕೆಂಡವನ್ನು ಆ ಕೋಣೆಯ ಸೆನ್ಸರಿನ ಮೂಗಿಗೇ ಹಿಡಿದು, ಉಸಿರು ಕಟ್ಟುವಷ್ಟು ಊದಿದೆ. ಹೊಗೆ ಮೋಡವಾಯಿತು, ಅಶ್ವತ್ಥಪ್ಪನವರು ಕೆಮ್ಮಿದರು.

"ಈಗ ಪರದೆ ನೋಡಿ ಸರ್."

ಒಂದನೇ ಲೆವೆಲ್, ಎಂಟುನೂರ ಹನ್ನೊಂದು, ಸರಿ.

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಇನಾಯತ್ ಆಗಲೇ ಕೀಲಿಮಣೆಯ ಮೇಲೆ ಬಿದ್ದಿದ್ದ. ಪ್ರೋಗ್ರಾಮನ್ನು ಮಲಗಿಸದೆ, ಎದ್ದಿದ್ದ ಹಾಗೇ ಬೆರ್ಚಪ್ಪನ ನಾಲ್ಕು ಸಾಲು ಕಿತ್ತು, ನಿಜವಾದ ಸೆನ್ಸರುಗಳಿಗೆ ದಾರಿ ಬಿಟ್ಟ. ಪರದೆ ಒಂದು ಗಳಿಗೆ ಖಾಲಿಯಾಯಿತು. ಆಮೇಲೆ ಸಂಖ್ಯೆಗಳು ಮೇಲಿನಿಂದ ಒಂದೊಂದಾಗಿ ಮೂಡಿದವು. ಒಂದನೆಯದು ನಾನು ಊದಿದ ಹೊಗೆಗೆ ಕೆಂಪಾಗಿತ್ತು, ಎರಡು ಮೂರು ಹಳದಿ. ನಾಲ್ಕು ಕೆಂಪು. ಐದನೆಯದರ ಸಂಖ್ಯೆ ನೋಡಿ ಇನಾಯತ್ "ಯಾ ಅಲ್ಲಾ" ಅಂದ. ಆರನೆಯದು ಅಳತೆ ಮೀರಿತ್ತು. ಏಳನೆಯದರ ಮುಂದೆ ಸಂಖ್ಯೆಯೇ ಇರಲಿಲ್ಲ. ಉತ್ತರವಿಲ್ಲ ಅಂತಷ್ಟೇ ಇತ್ತು.

ಕರೆಂಟು ಹೋದ ದಿನವೇ ಯಾರಾದರೂ ಒಬ್ಬರು ಕೆಳಗಿಳಿದು ಆ ಒಂದು ಸೆನ್ಸರು ನೋಡಿದ್ದರೆ ಮುಗಿಯುತ್ತಿತ್ತು. ಒಬ್ಬರೇ ಒಬ್ಬರು.

ಗಂಟೆ ಹೊಡೆಯಲು ಶುರುವಾಯಿತು. ಒಂದು ಲೆವೆಲ್ಲಿನದಲ್ಲ, ಊರಿನ ಎಲ್ಲ ಗಂಟೆಗಳೂ. ಅಗ್ಗಿಷ್ಟಿಕೆ ಎಲ್ಲಿ ಬಿಸಾಡಿದೆನೋ ನೆನಪಿಲ್ಲ. ಗಂಟೆ ಹೊಡೆದರೆ ಲಿಫ್ಟು ನಿಲ್ಲುತ್ತದೆ, ಅದು ನಿಯಮ, ಆ ನಿಯಮ ಬರೆದವಳೂ ನಾನೇ. ಮೆಟ್ಟಿಲಿಗೆ ಓಡಿದೆ. ಜನ ಹತ್ತಿ ಬರುತ್ತಿದ್ದರು, ನಾನೊಬ್ಬಳು ಇಳಿಯುತ್ತಿದ್ದೆ. "ಯಾರ ಮನೆ ಮಗೂಗಕ್ಕ ನೀರು ಹಾಕಿದ್ದು, ಇಷ್ಟು ಜೋರು ಗಂಟೆ?" ಅಂತ ಒಬ್ಬಾಕೆ ನಗುತ್ತಲೇ ಕೇಳಿದಳು. ಅವಳನ್ನು ಸರಿಸಿಕೊಂಡು ಇಳಿದೆ. ಐದನೇ ಲೆವೆಲ್ಲು ದಾಟಿದ ಮೇಲೆ ಎದುರಿಗೆ ಬರುವವರು ಕಡಿಮೆಯಾದರು. ಆರು ದಾಟಿದ ಮೇಲೆ ಯಾರೂ ಇರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಎಷ್ಟು ಉಸಿರೆಳೆದರೂ ಸಾಲದು.

ಸುಭದ್ರಕ್ಕ ಬೀಸಣಿಗೆ ಹಿಡಿದುಕೊಂಡೇ ಗೋಡೆಗೆ ಒರಗಿದ್ದಳು. ಬಾಗಿಲು ಮುಚ್ಚಿತ್ತು. ಬಾಣಂತಿಗೆ ಥಂಡಿಯಾಗುತ್ತದೆ ಅಂತ ನಾನು ಹೋದ ಕೂಡಲೇ ಮುಚ್ಚಿಬಿಟ್ಟಿದ್ದಳು ಮಹಾತಾಯಿ. ತಾರಿಣಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಕಣ್ಣು ಅರ್ಧ ಮುಚ್ಚಿತ್ತು. ನನ್ನನ್ನು ನೋಡಿ ಮೆಲ್ಲಗೆ ನಕ್ಕಳು.

"ನೋಡಮ್ಮ, ಕೊನೆಗೂ ಹೊಡೀತು ಗಂಟೆ. ಇಷ್ಟು ಗಲಾಟೆಗೂ ಪಾಪು ಎದ್ದೇ ಇಲ್ಲ. ಎಷ್ಟು ಜಾಣೆ ಅಲ್ವಾ?"

ಮಗುವನ್ನು ಕಿತ್ತುಕೊಂಡೆ. ಅದರ ತಲೆ ನನ್ನ ತೋಳಿನ ಮೇಲೆ ಒದ್ದೆ ಬಟ್ಟೆಯ ಹಾಗೆ ವಾಲಿತು. ತಾರಿಣಿಯ ಜುಟ್ಟು ಹಿಡಿದೆನೋ ರಟ್ಟೆ ಹಿಡಿದೆನೋ, ಎಳೆದುಕೊಂಡೇ ಹೊಸಲು ದಾಟಿಸಿದೆ. ಸುಭದ್ರಕ್ಕನ ಕೆನ್ನೆಗೆ ಹೊಡೆದೆ, ಜೀವಮಾನದಲ್ಲಿ ಮೊದಲ ಸಲ. ಎದ್ದಳು, ಬೈಯುತ್ತಾ ಎದ್ದಳು, ಸದ್ಯ. ಮೂವರೂ ತೆವಳುತ್ತಾ ಹತ್ತುತ್ತಾ ಐದನೇ ಲೆವೆಲ್ಲಿನ ತಿರುವು ತಲುಪುವ ಹೊತ್ತಿಗೆ ಇನಾಯತ್ ಫ್ಯಾನುಗಳನ್ನು ಪೂರ್ತಿ ಜೋರು ಮಾಡಿದ್ದ. ತಣ್ಣನೆ ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಅಲ್ಲೇ ಕೂತು ಮಗುವನ್ನು ಗಾಳಿಗೆ ಹಿಡಿದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ಬೆರಳಿನಿಂದ ಚಿಟಕಿ ಹೊಡೆದೆ. ಒಂದು ಸಲ, ಇನ್ನೊಂದು ಸಲ. ತಾರಿಣಿ "ಅಮ್ಮ, ಅಮ್ಮ" ಅಂತ ನನ್ನ ಸೆರಗು ಜಗ್ಗುತ್ತಿದ್ದಳು. ನನ್ನ ಕಂದ, ಅಳು, ಅಳೇ, ನಿನ್ನ ದಮ್ಮಯ್ಯ ಅಳೇ ಅಂತ ನಾನು ಕೂಗುತ್ತಿದ್ದೆನಂತೆ, ಆಮೇಲೆ ಅಕ್ಕ ಹೇಳಿದಳು.

ಮಗು ಬಾಯಿ ತೆರೆಯಿತು. ಒಂದು ಉಸಿರು ಎಳೆದುಕೊಂಡಿತು. ಆಮೇಲೆ ಅತ್ತಿತು ನೋಡಿ, ಮೆಟ್ಟಿಲ ಗುಂಡಿಯೆಲ್ಲ ಮೊಳಗುವ ಹಾಗೆ. ನಾವು ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು, ಅತ್ತೆವು.

ಅಷ್ಟರಲ್ಲಿ ಯಾರೋ ಗಂಟೆ ನಿಲ್ಲಿಸಿದರು. ಕೆಳಗಿನವರ ಕೂಗು ಕೇಳಿಸಲಿ ಅಂತ ಇನಾಯತ್ ನಿಲ್ಲಿಸಿದನಂತೆ. ಊರು ಮೌನವಾಯಿತು. ತಾರಿಣಿ ಇದ್ದಕ್ಕಿದ್ದ ಹಾಗೆ ತಲೆ ಎತ್ತಿದಳು.

"ಅಮ್ಮ, ರಾಜೀವಿ ಬರ್ಲಿಲ್ಲ. ಸಾಲಿನಲ್ಲಿ ಯಾರೂ ಬರ್ಲಿಲ್ಲ."

ಕೆಳಗೆ ನಾಲ್ಕು ತೊಟ್ಟಿಲುಗಳಿದ್ದವು. ಮೆಟ್ಟಿಲ ಅಂಚಿಗೆ ಬಂದು ಬಗ್ಗಿ ಕಿವಿಗೊಟ್ಟೆ. ಅಷ್ಟು ದೂರ ಗಾಳಿ ಇಳಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಅಳುತ್ತಿದ್ದದ್ದು ನಮ್ಮ ಮಗು ಒಂದೇ.

ಅದನ್ನು ಅಕ್ಕನ ಕೈಗೆ ಕೊಟ್ಟು, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ನಾನು ಮತ್ತೆ ಕೆಳಗಿಳಿದೆ.